ರಸಮಟ್ಟ

ನಮ್ಮ ಗುಡ್ಡದಲ್ಲಿ ಸಪಾಟು ಅಂತ ಏನೂ ಇಲ್ಲ.
ಅಡುಗೆಮನೆಯಲ್ಲಿ ನಿಂಬೆಹಣ್ಣು ಜಾರಿ ಬಿದ್ದರೆ
ನಡುಮನೆ ದಾಟಿ, ಹೊಸ್ತಿಲಲ್ಲಿ ಒಂದು ಗಳಿಗೆ ಯೋಚಿಸಿ,
ಕಡಲ ಕಡೆಯ ಗೋಡೆಗೆ ಹೋಗಿ ಕೂರುತ್ತದೆ.
ವಾಲ್ಪರೈಸೊದಲ್ಲಿ ಹುಟ್ಟಿದವರು ನಾವು,
ಬಯಲೂರಿಗೆ ಹೋದಾಗಲೇ ಕುಂಟುತ್ತೇವೆ.

ಜೂನಿನಲ್ಲಿ ಹಡಗು ಕಂಪನಿ
ಬಂದರಿನ ಆಫೀಸಿಗೆ ಬೀಗ ಹಾಕಿತು.
'ಇನ್ನು ಮನೆಯಿಂದಲೇ, ಇರಾಸೆಮಾ' ಎಂದರು.
ಚೆರ್ರಿ ಪೆಟ್ಟಿಗೆಯ ಲೆಕ್ಕ, ಸರಕಿನ ಚೀಟಿ,
ತಡವಾದ ಹಡಗಿಗೆ ಬೈಯುವ ಕಾಗದ, ಎಲ್ಲ ಮನೆಯಿಂದಲೇ.
ಹರಾಜಿನಲ್ಲಿ ನನ್ನ ಕುರ್ಚಿಯನ್ನು ನಾನೇ ಕೊಂಡೆ.
ಹದಿನೆಂಟು ವರ್ಷ ನನ್ನ ಬೆನ್ನು ಓದಿದ ಕುರ್ಚಿ,
ಐದು ಚಕ್ರ, ತೋಳಿನ ರೆಕ್ಸಿನ್ನು ನನ್ನ ಉಗುರಿಗೇ ಹರಿದದ್ದು.
ಮಗಳು ಮಿಲ್ಲರಾಯ್ ಒಂದು ತುದಿ, ನಾನೊಂದು ತುದಿ.
ನೂರಾ ನಲವತ್ತೆರಡು ಮೆಟ್ಟಿಲು.
ಗುಡ್ಡ ಹತ್ತುವ ಹಳಿಡಬ್ಬಿ ಅವತ್ತು ರಿಪೇರಿಯಲ್ಲಿತ್ತು;
ಅದು ರಿಪೇರಿಯಲ್ಲಿಲ್ಲದ ದಿನ ನಮಗೆ ಭಾರವಿರುವುದಿಲ್ಲ.

ಮೇಜೆಂದರೆ, ಕೋಳಿಗೂಡಿಗೆಂದು ಎತ್ತಿಟ್ಟಿದ್ದ ಬಾಗಿಲು.
ಬೀಗದ ಕಣ್ಣಲ್ಲಿ ಚಾರ್ಜರಿನ ವಯರು
ಸೂಜಿಗೆ ನೂಲಿನಂತೆ ತೂರಿತು.
ದೀಪ ಎಡಕ್ಕೆ. ಪರದೆ ಕಣ್ಣಿನ ಮಟ್ಟಕ್ಕೆ,
ಕೆಳಗೆ ಎರಡು ಹಿಟ್ಟಿನ ಡಬ್ಬಿ.
ನಾಲ್ಕು ಗಂಟೆಗೆ ಕಡಲಿನ ಹೊಳಪು
ತಗಡಿನ ಗೋಡೆಗೆ ಬಡಿದು ನನ್ನ ಅಂಕಿಗಳನ್ನೆಲ್ಲ ನುಂಗುತ್ತದೆ;
ಅದಕ್ಕೊಂದು ಹಳೇ ಮೇಜುವಸ್ತ್ರ, ದ್ರಾಕ್ಷಾರಸದ ಕಲೆಯ ಸಮೇತ.
ನಿಂತರೆ ಭುಜ, ಕೂತರೆ ಮೊಣಕೈ,
ಅಳೆದು ಅಳೆದು ಮಗಳು ನಕ್ಕಳು:
'ಶವಪೆಟ್ಟಿಗೆ ಮಾಡಿಸ್ತಿದ್ದೀಯೇನಮ್ಮಾ?'

ರಸಮಟ್ಟ ಇಟ್ಟು ನೋಡಿದೆ. ಹಸಿರು ಗುಳ್ಳೆ
ಒಂದೇ ತುದಿಗೆ ಓಡಿ ಅವಿತುಕೊಂಡಿತು.
ಗಿಡ್ಡ ಕಾಲಿಗೆ ಮರದ ಚಕ್ಕೆ ಕೊಟ್ಟೆ, ಸಾಲದು.
ಹೆಂಚಿನ ಚೂರು, ಸಾಲದು.
ಕೊನೆಗೆ ನನ್ನ ಸಂಬಳದ ಚೀಟಿಗಳನ್ನೆಲ್ಲ
ಮಡಿಸಿ, ದಾರ ಕಟ್ಟಿ, ಒಳಗೆ ತಳ್ಳಿದೆ.
ಹದಿನೆಂಟು ವರ್ಷದ ದಪ್ಪ ಎರಡೂವರೆ ಬೆರಳು.
ಗುಳ್ಳೆ ನಡುವಿಗೆ ಬಂದು ನಿಂತಿತು.

ಮೇಜಿನ ಮಾತಾಯಿತು. ನೆಲಕ್ಕೇನು ಮಾಡಲಿ?
ಮೊದಲ ಸೋಮವಾರ, ಸಾಂತಿಯಾಗೊದಿಂದ ಎಂಟು ಮುಖ,
ನಾನು ಬಾಡಿಗೆಯ ಬಾಕಿ ವಿವರಿಸುತ್ತಿದ್ದೇನೆ,
ಹೊರಗೆ ಗ್ಯಾಸಿನವನು ಸಿಲಿಂಡರು ಬಡಿಯುತ್ತಿದ್ದಾನೆ,
ಮಾತಿನ ನಡುವೆ ಚಿತ್ರದಿಂದ ಮೆಲ್ಲಗೆ ಕಳಚಿಕೊಂಡೆನಂತೆ.
'ಇರಾಸೆಮಾ? ಗೋಡೆಯೊಂದೇ ಕಾಣುತ್ತಿದೆ.'
ನಾನಾಗಲೇ ಕಿಟಕಿಯ ಹತ್ತಿರ,
ಮಂಡಿಯ ಮೇಲೆ ಕೀಲಿಮಣೆ,
ಕೆಳಗೆ ಕ್ರೇನುಗಳು, ಮುಚ್ಚಿದ ಆಫೀಸಿನ ನೀಲಿ ಸೂರು.
ತಪ್ಪು ನನ್ನದಲ್ಲ.
ಕುರ್ಚಿಗಿನ್ನೂ ಹಳೇ ದಾರಿ ಮರೆತಿಲ್ಲ,
ಎಂಟೂವರೆಯಾದರೆ ಇಳಿಯಲು ಹೊರಡುತ್ತದೆ.

ಚಕ್ರಕ್ಕೆ ಕಾಲುಚೀಲ ತೊಡಿಸಿದೆ. ಇಟ್ಟಿಗೆ ಅಡ್ಡ ಇಟ್ಟೆ,
ಹೆಬ್ಬೆರಳು ಜಜ್ಜಿಕೊಂಡೆ.
ಪಕ್ಕದ ಮನೆಯ ರಿಗೊಬೆರ್ತೊ ಬಂದರು,
ನಲವತ್ತು ವರ್ಷ ಹಡಗು ಕಟ್ಟಿಹಾಕಿದ ಕೈ.
ಸುಮ್ಮನೆ ನೋಡಿದರು. ಚಹಾ ಕುಡಿದರು.
ಮತ್ತೆ ಹೋಗಿ ಒಂದು ಮಾರು ಹಗ್ಗ ತಂದು
ಗೋಡೆಯ ಕೊಕ್ಕೆಗೂ ಕುರ್ಚಿಯ ಬೆನ್ನಿಗೂ ಗಂಟು ಹಾಕಿದರು.
'ನೀರನ್ನು ಮಟ್ಟ ಮಾಡಲಿಕ್ಕೆ ಯಾರೂ ಹೋಗೋದಿಲ್ಲ ತಾಯಿ,
ಹಡಗನ್ನು ಕಟ್ಟುತ್ತಾರೆ.
ಸ್ವಲ್ಪ ಸಡಿಲ ಬಿಡು. ಬಿಗಿ ಕಟ್ಟಿದ್ದು ಹರಿಯುತ್ತೆ.'

ಈಗ ಕೆಲಸ ನಡೆಯುತ್ತಿದೆ.
ಒಂದು ಗೇಣಿನಷ್ಟು ಅತ್ತ, ಒಂದು ಗೇಣು ಇತ್ತ,
ಮುಖ ಚೌಕಟ್ಟಿನೊಳಗೇ ಇರುತ್ತದೆ.
ಬೆನ್ನುನೋವು ಕಮ್ಮಿ. ಗ್ಯಾಸಿನವನ ಬಡಿತವನ್ನು
ಎಂಟು ಮುಖಗಳೂ ಗುರುತು ಹಿಡಿಯುತ್ತವೆ,
'ಸಿಲಿಂಡರು ತಗೊಂಡು ಬಾ, ಕಾಯ್ತೇವೆ' ಅನ್ನುತ್ತವೆ.

ಐದೂವರೆಗೆ ಪರದೆ ಆರಿಸಿ
ಗಂಟು ಬಿಚ್ಚುತ್ತೇನೆ.
ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಅದು,
ಕಲಿಯಲು ನನಗೆ ವಾರ ಹಿಡಿಯಿತು.
ಕಾಲು ಮೇಲೆತ್ತಿ ಕೂತರೆ ಸಾಕು,
ಕುರ್ಚಿ ತಾನಾಗಿ ಹೊರಡುತ್ತದೆ,
ಹೊಸ್ತಿಲಿಲ್ಲದ ಕಡೆಯಿಂದ, ಗಡಗಡ,
ಬೆಳಗಿನ ನಿಂಬೆಹಣ್ಣು ಬಿದ್ದಿರುವಲ್ಲಿಗೆ.